ದಮಾಮಕ್ಕೆ ಹಚ್ಚಿದ ಬಣ್ಣ

"ಏ ಕರೀ ಮಾರಿ, ಬುಟ್ಟಿ ಇಳಸು. ಕೆಳಗ ಸಾಯೇಬ್ರು ಕಾಯ್ಲಕತ್ತಾರ. ನಿನ್ನ ಕೂದಲಾ ನೋಡಬೇಕಂತ."

ಮೇಸ್ತ್ರಿ ಸಾಬಣ್ಣ ಆರನೆಯ ಅಂತಸ್ತಿನ ಮೆಟ್ಟಿಲ ಬಾಯಿಗೆ ನಿಂತು ಕೂಗಿದಾಗ ರುಜಾಯಿಯ ತಲೆಯ ಮೇಲೆ ಒಡೆದ ಟೈಲ್ಸ್ ಚೂರುಗಳ ಬುಟ್ಟಿಯಿತ್ತು. ಆಕೆ ಅದನ್ನು ಇಳಿಸದೆ ನಿಂತಳು. ಸಾಬಣ್ಣ ಮುಂದೆ ಬಂದು ಬುಟ್ಟಿಯ ಅಂಚು ಹಿಡಿದು ಎಳೆದ. ಚೂರುಗಳು ಆಕೆಯ ಕಾಲ ಮೇಲೆ ಸುರಿದವು.

"ಕಿವಿ ಸತ್ತಾವೇನಲೇ ಸೂಳಿಮಗಳ? ನಡಿ."

ಕೆಳಗೆ ಹೊಸ ಕಟ್ಟಡದ ಗಾಜಿನ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಗಂಡಸು ಪದ್ಮನಾಭ, ಮೈಸೂರಿನವನು. ಈ ಕಟ್ಟಡಕ್ಕೆ ಬರಲಿದ್ದ ಸಾಫ್ಟ್‌ವೇರ್ ಕಂಪನಿಯ ಉಸ್ತುವಾರಿಯೆಲ್ಲ ಅವನದೇ. ಜೊತೆಗಿದ್ದ ಹುಡುಗಿ ನಿಖಿತಾ ಅವನ ಕೈಕೆಳಗಿನವಳು. ನವಾಬರ ಹಳೆಯ ರಾಜಧಾನಿಯ ಅಂಚಿನ ಮಾದಾಪುರದ ಆ ರಸ್ತೆಯಲ್ಲಿ ಆ ವರ್ಷ ತಿಂಗಳಿಗೊಂದು ಗಾಜಿನ ಮಹಲು ಏಳುತ್ತಿತ್ತು. ಎದ್ದ ಮೇಲೆ ಕಟ್ಟಿದವರನ್ನು ಯಾರೂ ಒಳಗೆ ಕರೆಯುತ್ತಿರಲಿಲ್ಲ. ಹಾಗಾಗಿ ಒಳಗೆ ಕರೆದದ್ದಕ್ಕೇ ರುಜಾಯಿಗೆ ದಿಗಿಲಾಯಿತು.

ನಿಖಿತಾ ಕೇಳದೆಯೇ ಕೈ ಚಾಚಿ ಆಕೆಯ ಗುಂಗುರು ಕೂದಲಿನೊಳಗೆ ಬೆರಳು ತೂರಿಸಿದಳು. "ಸರ್, ನಿಜವಾದ್ದೇ. ಸ್ಪಂಜ್ ಥರ ಇದೆ."

"ಯಾವ ದೇಶ ನಿಮ್ದು?" ಪದ್ಮನಾಭ ಕೇಳಿದ.

"ಹಳಿಯಾಳ ತಾಲೂಕ್ರಿ. ಕಾರವಾರ ಜಿಲ್ಲಾ."

"ಅದಲ್ಲಮ್ಮ. ಮೂಲ. ಆಫ್ರಿಕಾದಲ್ಲಿ ಎಲ್ಲಿ?"

"ಅದು ನಮ್ಮ ಅಜ್ಜನ ಅಜ್ಜಗ ಕೇಳಬೇಕ್ರಿ. ಅಂವಾ ಸತ್ತು ಭಾಳ ದಿನ ಆತು."

ಪದ್ಮನಾಭ ನಕ್ಕ. ನಿಖಿತಾ ಮೊಬೈಲಿನಲ್ಲಿ ಫೋಟೊ ಹೊಡೆದಳು. ಕಟ್ಟಡದ ಉದ್ಘಾಟನೆಗೆ ಅಮೆರಿಕದಿಂದ ಕಂಪನಿಯ ದೊಡ್ಡ ಸಾಹೇಬರು ಬರುತ್ತಾರೆ, ನೀವೆಲ್ಲ ಸೇರಿ ಒಂದು ಕುಣಿತ ಮಾಡಬೇಕು ಎಂದು ಆಕೆಗೆ ತಿಳಿಸಿದ್ದು ಸಾಬಣ್ಣ. ಆಕೆ ಒಪ್ಪುತ್ತಾಳೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಕೂಲಿಗಳ ಶೆಡ್ಡುಗಳು ಕಟ್ಟಡದ ಹಿಂದಿನ ಬಂಡೆಗಳ ಸಂದಿಯಲ್ಲಿದ್ದವು. ಯಾದಗಿರಿ, ರಾಯಚೂರು ಕಡೆಯವರ ತಗಡಿನ ಸಾಲು ಮುಗಿದ ಮೇಲೆ ಕೊನೆಗೆ ಎರಡು ಶೆಡ್ಡು ಸಿದ್ದಿಗಳವು. ಎಂಟು ಜನ. ರುಜಾಯಿ, ಆಕೆಯ ಗಂಡ ಇನಾಸ, ಮಾವ ಬಸ್ತ್ಯಾಂವ, ಉಳಿದವರು ಅದೇ ಹಾಡಿಯ ನೆಂಟರು. ಅವರ ಹಿರಿಯರನ್ನು ಹಡಗಿನಲ್ಲಿ ತುಂಬಿ ತಂದು ಗೋವಾದಲ್ಲಿ ಮಾರಿದ್ದರು. ಮಾರಾಟವಾದವರು ದಣಿಯ ಮನೆಯ ಬಾಗಿಲು ಮುರಿದು, ಘಟ್ಟ ಹತ್ತಿ, ಯಾರ ಅಂಕೆಯೂ ಇಲ್ಲದ ಕಾಡು ಸೇರಿದರು. ಅಲ್ಲಿ ತಮ್ಮ ನ್ಯಾಯ ತಾವೇ ಮಾಡಿಕೊಂಡರು, ತಮ್ಮ ಹೆಣ ತಾವೇ ಹೂಳಿದರು. ಆಮೇಲೆ ಆ ಕಾಡು ಸರಕಾರದ್ದಾಯಿತು. ಗಾರ್ಡುಗಳು ಬಂದು, ಇದು ಪ್ರಾಣಿಗಳ ಜಾಗ ಎಂದು ಹೇಳಿ, ಆನೆ ತರಿಸಿ ಗುಡಿಸಲು ಎಳೆಸಿದರು. ಬಸ್ತ್ಯಾಂವ ಅಂದು ಕೈಗೆ ಎತ್ತಿಕೊಂಡದ್ದು ಒಂದೇ, ದಮಾಮ. ಹಲಸಿನ ಮರದ ಉದ್ದನೆಯ ಹೊಟ್ಟೆ, ಎರಡೂ ಬದಿಗೆ ಜಿಂಕೆಯ ಚರ್ಮ. ಅವನ ಅಜ್ಜ ಬಿಗಿದದ್ದು. ಈಗ ಅಂಥ ಚರ್ಮ ಮುಟ್ಟಿದರೆ ಜೈಲು.

ವಿಷಯ ಕೇಳಿ ಮುದುಕ ಬೀಡಿ ಆರಿಸಿದ.

"ಹಿರೇರನ್ನ ಕರೀಯಾಕ ಬಾರಸ್ತೀವಿ. ಮದವ್ಯಾಗ ಬಾರಸ್ತೀವಿ. ಸತ್ತಾಗ ಬಾರಸ್ತೀವಿ. ದಣಿ ಮುಂದ ಕುಣ್ಯಾಕ ಬಾರಸಿಲ್ಲ. ಅದಕ್ಕಂತ ಓಡಿ ಬಂದವ್ರಲ್ಲ ನಾವು."

"ಅಪ್ಪಾ, ಒಂದಿನದ ಮಾತು," ಎಂದ ಇನಾಸ. ಅವನು ತಲೆ ಎತ್ತಿ ಮಾತಾಡುತ್ತಿದ್ದುದೇ ಕಡಿಮೆ. "ಇಲ್ಲಿಂದ ಹೊರಗ ಹಾಕಿದ್ರ ಎಲ್ಲಿಗೆ ಹೋಗೂಣು? ಅಲ್ಲೇನ ಐತಿ ನಮ್ದು?"

ಪಕ್ಕದ ಶೆಡ್ಡಿನ ಶಂಕ್ರಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿ ಹೇಳಿದಳು, "ಕುಣದ ಬರ್ರೆವ್ವಾ. ನಮಗೂ ಹಂಗೇ ಊರಾಗ ಹಲಗಿ ಬಾರ್ಸು ಅಂತಿದ್ರು. ಬಾರಸಲಿಲ್ಲಂದ್ರ ಬಡಿತಿದ್ರು."

"ಹಂಗಾರ ನೀ ಯಾಕ ಊರ ಬಿಟ್ಟ ಬಂದಿ, ಶಂಕ್ರವ್ವಾ?" ಎಂದು ರುಜಾಯಿ ಕೇಳಿದಳು. ಶಂಕ್ರಮ್ಮ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಮರುದಿನ ಎಲ್ಲರೂ ಕೆಲಸದ ಮೇಲಿದ್ದಾಗ ಸಾಬಣ್ಣ ಇಬ್ಬರನ್ನು ಕರೆದುಕೊಂಡು ಬಂದು ದಮಾಮವನ್ನು ಹೊತ್ತುಕೊಂಡು ಹೋದ. ಜ್ವರದಿಂದ ಮಲಗಿದ್ದ ಬಸ್ತ್ಯಾಂವ ಎದ್ದು ಅಡ್ಡ ಬಂದಾಗ ಎದೆಗೆ ಕೈಯಿಟ್ಟು ನೂಕಿದ. "ಕುಣದ್ರ ಸಿಗತದ, ಇಲ್ಲಂದ್ರ ಇಲ್ಲ. ನೀರಿನ ಟ್ಯಾಂಕರೂ ನಿಮ್ಮ ಕಡಿ ನಿಲ್ಲಂಗಿಲ್ಲ, ನೋಡು ಹಾಟ್ಯಾ."

ಹೀಗಾಗಿ ಅವರು ಹೋದರು. ಕುಣಿಯಲಿಕ್ಕಲ್ಲ, ದಮಾಮ ತರಲಿಕ್ಕೆ.

ಉದ್ಘಾಟನೆಯ ದಿನ ಮಧ್ಯಾಹ್ನ ಅವರನ್ನು ನೆಲಮಾಳಿಗೆಯ ಕಾರು ನಿಲ್ಲಿಸುವ ಜಾಗದಲ್ಲಿ ಸಾಲಾಗಿ ನಿಲ್ಲಿಸಿದರು. ಸುಲ್ತಾನ್ ಬಜಾರಿನಿಂದ ತಂದ ಹಸಿರು ಪ್ಲಾಸ್ಟಿಕ್ ಎಲೆಯ ಲಂಗ, ಥರ್ಮಾಕೋಲಿನ ಎಲುಬಿನ ಸರ. ಒಬ್ಬ ಹುಡುಗ ಬ್ರಷ್ಷಿನಿಂದ ಎಲ್ಲರ ಮುಖಕ್ಕೂ ಬಿಳಿ ಚುಕ್ಕೆಯಿಡುತ್ತ ಬಂದ. ರುಜಾಯಿ ಸೀರೆ ಬಿಚ್ಚುವುದಿಲ್ಲ ಎಂದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಅದರ ಮೇಲೆಯೇ ಎಲೆ ಸುತ್ತಿದರು.

ಪದ್ಮನಾಭ ಬಂದು ನೋಡಿದ. "ಚೆನ್ನಾಗಿದೆ. ಒಂದು ಮಾತು ನೆನಪಿಡಿ. ಮೇಲೆ ಹೋದ್ಮೇಲೆ ಕನ್ನಡ ಮಾತಾಡ್ಬೇಡಿ. ಆಫ್ರಿಕಾದಿಂದ ಬಂದಿದ್ದಾರೆ ಅಂತ ಹೇಳಿದೀವಿ. ಸುಮ್ನೆ ಹೂ, ಹಾ ಅನ್ನಿ."

"ನಮ್ಮ ದಮಾಮ ಎಲ್ಲೈತ್ರಿ?" ಬಸ್ತ್ಯಾಂವ ಕೇಳಿದ.

ತಂದರು. ಮುದುಕ ಕೈ ಮುಂದೆ ಮಾಡಿದವನು ಹಾಗೆಯೇ ನಿಂತುಬಿಟ್ಟ. ಹಲಸಿನ ಹೊಟ್ಟೆಯ ತುಂಬ ಹುಲಿಯ ಪಟ್ಟೆ ಬರೆದಿದ್ದರು. ಎರಡೂ ಬದಿಯ ಚರ್ಮಕ್ಕೆ ದಪ್ಪಗೆ ಬಿಳಿ ಎನಾಮಲ್ ಬಳಿದು, ಅದರ ಮೇಲೆ ಕೆಂಪು ಕಣ್ಣಿನ ತಲೆಬುರುಡೆ. ಅವನು ಹಗ್ಗವನ್ನು ಕುತ್ತಿಗೆಗೆ ಹಾಕಿಕೊಂಡು ಒಂದು ಪೆಟ್ಟು ಹೊಡೆದ. ಒದ್ದೆ ಗೋಣಿಚೀಲಕ್ಕೆ ಹೊಡೆದಂತೆ ದಬ್ ಎಂದಿತು. ಇನ್ನೊಂದು ಬದಿಗೆ ಹೊಡೆದ. ಅದೂ ಹಾಗೆಯೇ. ಕಿವಿಯನ್ನು ಚರ್ಮಕ್ಕೆ ಹಚ್ಚಿ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿದ, ಮೈ ತಣ್ಣಗಾದ ಮಗುವಿನ ಎದೆಗೆ ಕಿವಿಯಿಟ್ಟವರ ಹಾಗೆ.

"ಮಾವಾ," ಎಂದಳು ರುಜಾಯಿ.

"ದನಿ ಇಲ್ಲ ಬೇ," ಎಂದ ಅವನು. "ದನಿ ಹೋಗೈತಿ."

"ಪರ್ವಾಗಿಲ್ಲ ಅಜ್ಜ," ಎಂದಳು ನಿಖಿತಾ. ಆಕೆಯ ದನಿಯಲ್ಲಿ ಕೆಡುಕೇನೂ ಇರಲಿಲ್ಲ. "ಮ್ಯೂಸಿಕ್ ನಾವೇ ಹಾಕ್ತೀವಿ ಸ್ಪೀಕರ್‌ನಲ್ಲಿ. ನೀವು ಸುಮ್ನೆ ಹೊಡೆದ ಹಾಗೆ ಮಾಡಿ, ಸಾಕು."

ಆಗಲೇ ಮೂಲೆಯಿಂದ ಮೇಣೆ ತಂದರು. ಮದುವೆಗಳಿಗೆ ಬಾಡಿಗೆ ಕೊಡುವ, ಮಖಮಲ್ ಹಾಸಿದ ಮೇಣೆ. ದೊಡ್ಡ ಸಾಹೇಬರನ್ನು ಹಳೆಯ ಕಾಲದ ನವಾಬರ ಹಾಗೆ ಹಬ್ಶಿಗಳು, ಆಫ್ರಿಕಾದ ಗುಲಾಮರು, ಹೊತ್ತು ತರಬೇಕೆಂಬುದು ಕಂಪನಿಯವರ ಆಸೆ. ಹೆಗಲಿಗೆ ನಾಲ್ಕು ಜನ ಬೇಕು. ಬಸ್ತ್ಯಾಂವನನ್ನು ಬಿಟ್ಟರೆ ಗಂಡಸರು ಮೂವರೇ ಇದ್ದರು.

ಸಾಬಣ್ಣ ರುಜಾಯಿಯನ್ನು ಮುಂದೆ ತಳ್ಳಿದ. "ಇಕಿ ಗಂಡಸಿಗಿಂತ ಕಮ್ಮಿ ಇಲ್ರಿ ಸಾಯೇಬ್ರ. ಕೋಣದಂಥ ಮೈ. ಇಕಿನ್ನೇ ಹಚ್ರಿ ಮುಂದ."

ಇನಾಸ ಹೆಂಡತಿಯ ಮುಖ ನೋಡಲಿಲ್ಲ. ಮೇಣೆ ಹೊರುವ ಹಿಂದಿನ ಕೊಂಬಿಗೆ ಹೋಗಿ ಹೆಗಲು ಕೊಟ್ಟ.

ಮೇಣೆ ಎದ್ದಿತು. ಒಳಗೆ ಕುಳಿತ ಸಾಹೇಬ ಬಿಳಿಯನೇನಲ್ಲ, ಅಮೆರಿಕಕ್ಕೆ ಹೋಗಿ ನೆಲೆಸಿದ ಇಲ್ಲಿಯವನೇ. ತಲೆಗೆ ರುಮಾಲು ಸುತ್ತಿಸಿಕೊಂಡು ನಗುತ್ತ ಕೈ ಬೀಸುತ್ತಿದ್ದ. ಅಂಗಳದ ಕೆಂಪು ಹಾಸಿನ ಎರಡೂ ಕಡೆ ಕೊರಳಿಗೆ ಕಂಪನಿಯ ಗುರುತಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು ಕಿಕ್ಕಿರಿದಿದ್ದರು. ಸ್ಪೀಕರಿನಿಂದ ಯಾವುದೋ ನಗಾರಿಯ ಸದ್ದು, ಕಾಡುಪ್ರಾಣಿಗಳ ಕೂಗು. ಮುಂದೆ ಬಸ್ತ್ಯಾಂವ ಕೈಯನ್ನು ಗಾಳಿಯಲ್ಲಿ ಆಡಿಸುತ್ತ ನಡೆಯುತ್ತಿದ್ದ. ಅವನ ಕೈ ಚರ್ಮಕ್ಕೆ ತಾಗುತ್ತಿರಲಿಲ್ಲ. ಸದ್ದು ಮಾತ್ರ ಬರುತ್ತಿತ್ತು. ಗುಂಪಿನಿಂದ ಯಾರೋ ಬಾಳೆಹಣ್ಣೊಂದನ್ನು ಎಸೆದರು. ಅದು ಮುದುಕನ ಬೆನ್ನಿಗೆ ಬಡಿದು ಕೆಳಗೆ ಬಿತ್ತು. ನಗೆ ಎದ್ದಿತು. ಅವನು ತಿರುಗಿ ನೋಡದೆ ಕೈ ಆಡಿಸುತ್ತಲೇ ನಡೆದ.

ರುಜಾಯಿ ನಿಂತಳು.

"ಯಾಕ ನಿಂತಿ? ನಡಿಯ," ಎಂದ ಇನಾಸ ಹಿಂದಿನಿಂದ.

"ಸಿಮೆಂಟ್ ಹೊತ್ತೀನಿ," ಎಂದಳು ಆಕೆ. "ಕಲ್ಲ ಹೊತ್ತೀನಿ. ಈ ಹೆಣಾ ಹೊರಾಂಗಿಲ್ಲ."

ಕೊಂಬನ್ನು ಹೆಗಲಿನಿಂದ ಜಾರಿಸಿಬಿಟ್ಟಳು. ಮೇಣೆ ಒಂದು ಮೂಲೆಗೆ ಕುಸಿಯಿತು. ಸಾಹೇಬ ಮಖಮಲ್ ದಿಂಬಿನ ಸಮೇತ ಉರುಳಿ ಹಾಸಿನ ಮೇಲೆ ಅಂಗಾತ ಬಿದ್ದ. ರುಮಾಲು ದೂರ ಹೋಗಿ ಬಿತ್ತು. ಇಡೀ ಅಂಗಳ ಚಪ್ಪಾಳೆ ತಟ್ಟಿತು. ಇದೂ ಆಟದ್ದೇ ಭಾಗ ಎಂದು ಅವರು ತಿಳಿದಿದ್ದರು. ಕೆಲವರು ಶಿಳ್ಳೆ ಹಾಕಿದರು. ಬಿದ್ದ ಸಾಹೇಬ, ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ, ಎದ್ದು ಕುಳಿತು ತಾನೂ ನಕ್ಕ.

ಆ ಚಪ್ಪಾಳೆ ರುಜಾಯಿಯ ಮೈಗೆ ಉಗುಳಿನ ಹಾಗೆ ಬಿತ್ತು. ಎಲೆಯ ಲಂಗವನ್ನು ಹರಿದು ಎಸೆದಳು. ಅದಕ್ಕೂ ತಟ್ಟಿದರು. ಆಕೆ ಮಾವನ ಕೈ ಹಿಡಿದು ಗೇಟಿನ ಕಡೆ ನಡೆದಳು. ಹೆಂಗಸರು ಹಿಂದೆ ಬಂದರು. ಗಂಡಸರಿಬ್ಬರೂ ಕೊಂಬು ಬಿಟ್ಟು ಬಂದರು. ಇನಾಸನೊಬ್ಬ ಮೇಣೆಯ ಪಕ್ಕದಲ್ಲೇ ನಿಂತಿದ್ದ. ಸಾಬಣ್ಣ ಓಡಿಬಂದು ಅವನ ಕಪಾಳಕ್ಕೆ ಬಾರಿಸಿದ. "ಬೋಳಿಮಗನ, ಹೇಣ್ತಿನ್ನ ಹಿಡ್ಯಲಕ ಆಗಂಗಿಲ್ಲ ನಿನಗ?" ಇನಾಸ ಕೆನ್ನೆ ಸವರಿಕೊಂಡ. ಆಮೇಲೆ ಅವನೂ ಕೊರಳಿನ ಎಲುಬಿನ ಸರವನ್ನು ಕಿತ್ತು ಸಾಬಣ್ಣನ ಕೈಗೆ ಕೊಟ್ಟು ನಡೆದ.

ಗೇಟಿನಲ್ಲಿ ಕಾವಲುಗಾರ ಅಡ್ಡಗಂಬ ಇಳಿಸಿ, ಒಳಗಿನ ಸಾಮಾನು ಹೊರಗೆ ಹೋಗಕೂಡದೆಂದು ತಡೆದ.

"ಏ ಹಬ್ಶೀ, ಢೋಲ್ ಕಿಧರ್ ಲೇಜಾ ರಹೇ? ಅಂದರ್ ಕಾ ಸಾಮಾನ್ ಬಾಹರ್ ನಕ್ಕೋ."

"ನಮ್ದೈತಿ ಅದು," ಎಂದಳು ರುಜಾಯಿ.

"ಕಂಪನಿ ಕಾ ಪೇಂಟ್ ಹೈ ಉಸ್ ಪೇ. ಛೋಡೋ."

ಅದರ ಮೇಲಿರುವುದು ಕಂಪನಿಯ ಬಣ್ಣವೆನ್ನುತ್ತ ಅವನು ದಮಾಮದ ಹಗ್ಗ ಹಿಡಿದು ಎಳೆದ. ಬಸ್ತ್ಯಾಂವ ಬಿಡಲಿಲ್ಲ. ಎಳೆದಾಟದಲ್ಲಿ ಮುದುಕ ಮೊಣಕಾಲೂರಿ ಬಿದ್ದ, ದಮಾಮವನ್ನು ಎದೆಗೆ ಅವಚಿಕೊಂಡೇ ಬಿದ್ದ. ಪದ್ಮನಾಭ ಏದುಸಿರು ಬಿಡುತ್ತ ಬಂದ. ಮುಖ ಕೆಂಪಗಾಗಿತ್ತು.

"ಏನ್ರೀ ಇದು? ಮಾನ ಕಳೆದ್ರಲ್ಲ. ಎದ್ದು ಹೋಗಿ ಕೆಲಸಕ್ಕೆ. ಆ ಡೋಲು ಇಲ್ಲೇ ಇರಲಿ, ಲಾಬಿಯಲ್ಲಿ ಇಡ್ತೀವಿ. ನಿಮ್ ಕಲ್ಚರ್ ಉಳಿಯುತ್ತೆ."

ರುಜಾಯಿ ಅಡ್ಡಗಂಬದ ಕೆಳಗೆ, ದಾರಿಯ ನಟ್ಟನಡುವೆ, ಮಾವನ ಪಕ್ಕದಲ್ಲಿ ಕುಳಿತಳು. ಉಳಿದವರೂ ಕುಳಿತರು. ಇನಾಸ ಬಂದು ಹೆಂಡತಿಯಿಂದ ತುಸು ದೂರ ಕುಳಿತ, ಮತ್ತೆ ಸರಿದು ಹತ್ತಿರ ಬಂದ.

ಹೊತ್ತು ಇಳಿಯುತ್ತಿತ್ತು. ಸಭೆ ಮುಗಿದು ಕಾರುಗಳು ಒಂದರ ಹಿಂದೊಂದು ಗೇಟಿಗೆ ಬಂದು ನಿಂತವು. ಎಲ್ಲಕ್ಕೂ ಮುಂದೆ ದೊಡ್ಡ ಸಾಹೇಬರ ಕಾರು. ಹಾರನ್ ಸದ್ದು ಶುರುವಾಯಿತು. ಹೊರಗೆ ರಸ್ತೆಯ ಆಚೆ ಶೆಡ್ಡುಗಳವರು ಬಂದು ನಿಂತಿದ್ದರು. ಶಂಕ್ರಮ್ಮ ಹಿಟ್ಟಿನ ಕೈಯಲ್ಲೇ ಬಂದಿದ್ದಳು. ಸಾಬಣ್ಣ ಅವರ ಕಡೆ ತಿರುಗಿ, "ಯಾವಾಕಿ ಈ ಕಡಿ ಹೆಜ್ಜಿ ಇಡ್ತಾಳ ನೋಡ್ತೀನಿ," ಎಂದು ಕೂಗಿದ. ಯಾರೂ ಇಡಲಿಲ್ಲ. ಯಾರೂ ಹೋಗಲೂ ಇಲ್ಲ.

ಕಟ್ಟಡದ ಹಿಂದೆ, ಬಂಡೆಗಳ ಸಂದಿಯಿಂದ, ತಗಡು ಕಿತ್ತು ಎಸೆಯುವ ಸದ್ದು ಕೇಳಿಸತೊಡಗಿತು. ಯಾರ ಶೆಡ್ಡೆಂದು ಎಂಟು ಜನಕ್ಕೂ ತಿಳಿಯಿತು.

ಬಸ್ತ್ಯಾಂವ ದಮಾಮವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಉಗುರಿನಿಂದ ಎನಾಮಲ್ ಕೆರೆಯುತ್ತಿದ್ದ. ಬಣ್ಣದ ಜೊತೆಗೆ ಚರ್ಮದ ಸಿಪ್ಪೆಯೂ ಏಳುತ್ತಿತ್ತು.

ತಿರುವಿನಲ್ಲಿ ಪೊಲೀಸ್ ಜೀಪು ಕಾಣಿಸಿತು. ಸಾಹೇಬರ ಕಾರಿನ ಡ್ರೈವರು ಗಾಡಿಯನ್ನು ಒಂದು ಗೇಣು ಮುಂದೆ ಬಿಟ್ಟ, ಮತ್ತೊಂದು ಗೇಣು. ಬಂಪರು ರುಜಾಯಿಯ ಬೆನ್ನಿಗೆ ತಾಗಿತು. ಇಂಜಿನ್ನಿನ ಬಿಸಿ ರವಿಕೆಯೊಳಗೆ ಇಳಿಯಿತು. ಆಕೆ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ, ಬೆನ್ನನ್ನು ಹಿಂದಕ್ಕೆ ಒತ್ತಿ ಕುಳಿತಳು.