ಡಬ್ಬಿಯಲ್ಲಿದ್ದ ಸೂಜಿಮೊನೆಗಳು

ಆ ರಂಜಾನ್‌ನಲ್ಲಿ ನಾನು ಬಿಡಬೇಕೆಂದುಕೊಂಡಿದ್ದ ಚಟಗಳು ಮೂರು. ಮಧ್ಯಾಹ್ನದ ಬಿಡುವಿನಲ್ಲಿ ಕಂಡವರ ಮನೆ ಸುದ್ದಿ ಹರಟುವುದು, ದಾರ ಕಿತ್ತುಹೋದಾಗೆಲ್ಲ ಮಷಿನ್‌ಗೆ ಶಾಪ ಹಾಕುವುದು, ಅತ್ತೆ ಏನು ಕೇಳಿದರೂ "ಆಗಲೇ ಮಾಡ್ದೆ ಅತ್ತೆ" ಎಂದು ಬಾಯಿಗೆ ಬಂದ ಸುಳ್ಳು ಹೇಳುವುದು.

"ಹೊಟ್ಟೆ ಖಾಲಿ ಇಟ್ಕೊಳ್ಳೋದೇನು ಮಹಾ ಕಣೆ? ಮೇವು ಹಾಕ್ದಿದ್ರೆ ಹಸೂನೂ ಇರುತ್ತೆ ಉಪವಾಸ," ಎಂದಿದ್ದರು ಅತ್ತೆ ಮೊದಲ ದಿನ, ಬೆಳಗಿನ ಜಾವದ ಸಹರಿ ಊಟದಲ್ಲಿ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾ. "ನಿನ್ನ ನಾಲಿಗೇನ ಒಂದು ತಿಂಗಳು ಉಪವಾಸ ಕೆಡವು. ಆಮೇಲೆ ನೋಡೋಣ."

ಹನ್ನೊಂದು ದಿನ ಕೆಡವಿದ್ದೆ. ನನಗೇ ನನ್ನ ಮೇಲೆ ಹೆಮ್ಮೆ ಬರತೊಡಗಿತ್ತು. ಆದರೆ ನನ್ನ ಕೈಚೀಲದ ಒಳಜೇಬಿನಲ್ಲಿ ಒಂದು ಪುಟ್ಟ ತಗಡಿನ ಡಬ್ಬಿಯಿತ್ತು. ಅದನ್ನೂ ಚಟಗಳ ಲೆಕ್ಕಕ್ಕೆ ಸೇರಿಸಬೇಕೆಂದು ಹೊಳೆದೇ ಇರಲಿಲ್ಲ.

ನಮ್ಮ ಗಾರ್ಮೆಂಟ್ ಕಾರ್ಖಾನೆಯಲ್ಲಿ ನಾವು ಹೊಲಿಯುತ್ತಿದ್ದದ್ದು ಆಗತಾನೇ ಹುಟ್ಟಿದ ಕೂಸುಗಳ ಅಂಗಿ. ಅಲ್ಲಿ ಸೂಜಿ ಮುರಿದರೆ ಒಂದು ಕಟ್ಟುನಿಟ್ಟು. ಮಷಿನ್ ನಿಲ್ಲಿಸಿ, ಮುರಿದ ಚೂರುಗಳನ್ನೆಲ್ಲ ಹುಡುಕಿ ಕೌಂಟರ್‌ಗೆ ಒಯ್ಯಬೇಕು. ಅಲ್ಲಿ ಕೂರುವ ಸೂಜಿ ತಾತ ಅವನ್ನು ಹೊಸ ಸೂಜಿಯ ಪಕ್ಕದಲ್ಲಿ ಜೋಡಿಸಿ, ಭೂತಗನ್ನಡಿ ಹಿಡಿದು ಉದ್ದ ಸರಿಹೋಯಿತೇ ಎಂದು ನೋಡಿ, ದಪ್ಪ ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸುತ್ತಿದ್ದ. ತಾರೀಖು, ಮಷಿನ್ ನಂಬರು ಬರೆದ ಮೇಲೆಯೇ ಹೊಸ ಸೂಜಿ. ಒಂದು ಚೂರು ಕಡಿಮೆ ಬಂದರೂ ಮಷಿನ್ ಸಾಲಿನ ಇಡೀ ಲೈನು ನಿಂತು ಪ್ರತಿ ಅಂಗಿಯನ್ನೂ ಕೈಯಾಡಿಸಿ ನೋಡಬೇಕು. ಲೈನು ನಿಲ್ಲಿಸಿದವಳನ್ನು ಸೂಪರ್‌ವೈಸರ್ ಮೇಡಂ ವಾರಗಟ್ಟಲೆ ಬೈಯದೆ ಬಿಡುತ್ತಿರಲಿಲ್ಲ.

ಅದಕ್ಕೇ ಆ ಡಬ್ಬಿ. ಮನೆಯ ಮಷಿನ್‌ನಲ್ಲಿ ಮುರಿದ ಸೂಜಿಗಳ ಮೊನೆಗಳನ್ನು ಅದರಲ್ಲಿ ಕೂಡಿಟ್ಟಿದ್ದೆ. ಇಲ್ಲಿ ಮೊನೆ ಸಿಗದಿದ್ದರೆ ಅದರಿಂದ ಒಂದು ತೆಗೆದು ಜೋಡಿಸಿ ಕೊಟ್ಟುಬಿಡುವುದು. ನಿಜವಾದದ್ದು ನೆಲದ ಮೇಲೆ ಬಿದ್ದಿರುತ್ತದೆ, ಗುಡಿಸಿಕೊಂಡು ಹೋಗುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳುವುದು. ಹಾಗೆ ಎರಡು ಸಲ ಮಾಡಿದ್ದೆ. ಕೆಲಸ ಕಲಿಯುವಾಗ ಹಳಬರು ಹೇಳಿಕೊಟ್ಟದ್ದು. ಸುಳ್ಳು ಎಂದು ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

ಹನ್ನೆರಡನೆಯ ಉಪವಾಸದ ದಿನ, ಮಧ್ಯಾಹ್ನ ಎರಡರ ಹೊತ್ತಿಗೆ ಟಕ್ ಎಂದಿತು. ಸೂಜಿಯ ಬುಡ ಮಷಿನ್‌ನಲ್ಲೇ ಇತ್ತು. ನಡುವಿನ ತುಂಡು ಬಟ್ಟೆಯ ಮೇಲಿತ್ತು. ಮೊನೆ ಇಲ್ಲ. ಮಡಿಲು ಕೊಡವಿದೆ, ಮಷಿನ್ ಕೆಳಗೆ ತೂರಿ ನೆಲ ತಡವಿದೆ. ಎದ್ದಾಗ ಕಣ್ಣು ಕತ್ತಲೆ ಬಂತು. ನಾನು ಹೊಲಿದ ಮೂವತ್ತು ಅಂಗಿಗಳ ಕಟ್ಟು ಆಗಲೇ ಪಕ್ಕದ ಮಷಿನ್‌ಗೆ ಹೋಗಿತ್ತು. ಅಲ್ಲಿ ಕಾಲರ್ ಅಕ್ಕ ಅವಕ್ಕೆ ಕೊರಳಪಟ್ಟಿ ಕೂರಿಸುತ್ತಿದ್ದಳು. ಬುದ್ಧಿ ಏನಾದರೂ ಹೇಳುವ ಮೊದಲೇ ಕೈ ಚೀಲದೊಳಗೆ ಹೋಗಿತ್ತು.

ತಾತ ಮೂರು ಚೂರುಗಳನ್ನು ಅಂಗೈಯಲ್ಲಿ ಇಟ್ಟುಕೊಂಡ. ಭೂತಗನ್ನಡಿ ಎತ್ತಿದವನು ನನ್ನ ಮುಖ ನೋಡಿ ಕೆಳಗಿಟ್ಟ.

"ಉಪವಾಸ ಇದ್ದೀಯಲ್ಲಮ್ಮ? ತುಟಿ ಒಣಗಿಹೋಗಿದೆ ನೋಡು. ಇವತ್ತು ನಿನ್ನ ಮಾತೇ ಸಾಕು. ಎಲ್ಲಾ ಸಿಕ್ತು ತಾನೆ?"

"ಸಿಕ್ತು ತಾತ."

ಅಂಟಿಸಿಬಿಟ್ಟ. ಹೊಸ ಸೂಜಿ ಕೊಟ್ಟ.

ಮಷಿನ್‌ಗೆ ಮರಳಿ ಕೂತೆ. ಮುಂದಿನ ಅಂಗಿ ಕೈಗೆತ್ತಿಕೊಂಡೆ. ಅಂಗೈ ಅಗಲದ ಅಂಗಿ ಅದು. ನನ್ನ ಮೊದಲ ಮಗಳಿಗೆ ಅಂಥದ್ದೇ ತೊಡಿಸಿದ್ದೆ. ಅವಳ ಕತ್ತಿನ ಮಡಿಕೆಗಳಲ್ಲಿ ಹಾಲಿನ ವಾಸನೆ ಇರುತ್ತಿತ್ತು. ಆ ವಯಸ್ಸಿನ ಕೂಸಿಗೆ ಎಲ್ಲಿ ನೋಯುತ್ತಿದೆ ಎಂದು ಹೇಳಲು ಬಾಯಿಲ್ಲ. ಅಳುತ್ತದೆ. ಹಸಿವೇನೋ ಎಂದು ಹಾಲು ಕೊಡುತ್ತಾರೆ. ಸುಮ್ಮನಾಗದಿದ್ದರೆ ಎತ್ತಿ ಎದೆಗೆ ಒತ್ತಿಕೊಳ್ಳುತ್ತಾರೆ. ಒತ್ತಿದಷ್ಟೂ...

ಅದಕ್ಕಿಂತ ಮುಂದೆ ಯೋಚಿಸಲಾಗಲಿಲ್ಲ.

"ಯಾಕೆ, ದೆವ್ವ ಮೆಟ್ಟಿದೋಳ ಥರ ಕೂತಿದ್ದೀಯ?" ಎಂದಳು ಕಾಲರ್ ಅಕ್ಕ, ಮೂರೂವರೆ ದಾಟಿದ ಮೇಲೆ.

"ಅಕ್ಕಾ, ನನ್ನ ಕಟ್ಟು ಎಲ್ಲಿ?"

"ಇಸ್ತ್ರಿಗೆ ಹೋಯ್ತು, ಪ್ಯಾಕಿಂಗ್‌ಗೂ ಹೋಗಿರುತ್ತೆ. ನಾಲ್ಕೂವರೆಗೆ ಮಾಲಿನ ಗಾಡಿ ಬರುತ್ತಲ್ಲ. ಯಾಕೆ?"

ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ. ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ಹೊಲಿಯತೊಡಗಿತು.

"ನಿಂಗೆ ಉಪವಾಸ ತಲೆಗೇರಿದೆ. ಬಾಯಿ ಮುಚ್ಕೊಂಡು ಕೂತ್ಕೋ. ಇಷ್ಟು ವರ್ಷ ಯಾರಿಗೆ ಏನಾಗಿದೆ?"

"ಏನಾಗಿದೆ ಅಂತ ನಮಗೆ ಯಾರು ಬಂದು ಹೇಳ್ತಾರಕ್ಕ?"

ಗೋಡೆಯ ಗಡಿಯಾರ ಮೂರೂ ಐವತ್ತು ತೋರಿಸುತ್ತಿತ್ತು. ಹೊರಗೆ ಗಾಡಿ ಹಿಂದಕ್ಕೆ ಬರುವ ಪೀಂ ಪೀಂ ಸದ್ದು ಕೇಳಿಸಿತು. ಇವತ್ತು ಬೇಗನೇ ಬಂದಿತ್ತು.

ಕೌಂಟರ್‌ವರೆಗೆ ಮೂವತ್ತು ಹೆಜ್ಜೆ ಇರಬಹುದು. ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದು, ಅತ್ತೆಯ ಮುಖ ಹೇಗೆ ನೋಡುವುದು ಎಂದು ಒಂದೊಂದು ಹೆಜ್ಜೆಗೂ ಒಂದೊಂದು ಭಯ.

"ತಾತ, ಆ ಮೊನೆ ನಂದಲ್ಲ."

ತಾತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭೂತಗನ್ನಡಿ ಹಿಡಿದು ಪುಸ್ತಕದ ಮೇಲೆ ಬಗ್ಗಿದ. "ಅರ್ಧ ಅಕ್ಕಿಕಾಳಿನಷ್ಟು ಉದ್ದ ಜಾಸ್ತಿ ಇದೆ," ಎಂದ ಮೆಲ್ಲಗೆ. "ನೋಡಿದ್ರೆ ಕಾಣ್ತಿತ್ತು. ನಾನು ನೋಡ್ಲಿಲ್ಲ." ಆಮೇಲೆ ಎದ್ದು, ಗೋಡೆಯ ಮೇಲಿನ ಕೆಂಪು ಗುಂಡಿ ಒತ್ತಿದ.

ನಲವತ್ತು ಮಷಿನ್‌ಗಳು ಒಟ್ಟಿಗೆ ನಿಂತಾಗ ಆಗುವ ನಿಶ್ಶಬ್ದ ಕಿವಿಗೆ ಹೊಡೆಯುತ್ತದೆ.

ಮೇಡಂ ಓಡಿ ಬಂದರು. "ಯಾರ್ರೀ ಅದು? ಗಾಡಿ ಬಾಗಿಲಲ್ಲಿ ನಿಂತಿದೆ, ಇವರಿಗೆ ಈಗ ಜ್ಞಾನೋದಯ!" ಅವರು ಬೈದದ್ದನ್ನೆಲ್ಲ ಬರೆದರೆ ಕಾಗದ ನಾಚೀತು. ಆದರೂ ಪ್ಯಾಕಿಂಗ್ ಡಬ್ಬಗಳನ್ನು ಬಿಚ್ಚಿಸಿದರು. ನಾಲ್ಕು ನೂರು ಅಂಗಿಗಳು ಮೇಜಿನ ಮೇಲೆ ಬಿದ್ದವು. ತಾತ ಆಯಸ್ಕಾಂತ ಹಿಡಿದು ಒಂದೊಂದರ ಮೇಲೂ ಆಡಿಸಿದ. ನಾವು ಹೆಂಗಸರು ಒಂದೊಂದು ಹೊಲಿಗೆಯನ್ನೂ ಬೆರಳಿಂದ ಒತ್ತಿ ನೋಡಿದೆವು. ಗಂಟಲು ಮರಳಿನಂತಾಗಿತ್ತು.

ಐದೂವರೆಗೆ ಪ್ಯಾಕಿಂಗ್‌ನ ಹೆಂಗಸು "ಹಾ!" ಎಂದು ಕೈ ಎಳೆದುಕೊಂಡಳು. ಹೆಬ್ಬೆರಳಲ್ಲಿ ರಕ್ತದ ಹನಿ. ಅಂಗಿಯ ಕೊರಳಿನ ಮಡಿಕೆಯೊಳಗಿಂದ ಒಂದು ಮೊನೆ ಹೊಳೆಯುತ್ತಿತ್ತು. ಯಾ ಅಲ್ಲಾ, ಸಿಕ್ಕಿತು.

ತಾತ ಅದನ್ನು ನನ್ನ ಸೂಜಿಯ ಪಕ್ಕ ಇಟ್ಟ. ಭೂತಗನ್ನಡಿ ಹಿಡಿದ. ತುಂಬ ಹೊತ್ತು ಹಿಡಿದ.

"ಇದು ನಿಂದಲ್ಲ. ನಿಂದು ಹನ್ನೊಂದನೇ ನಂಬರು, ತೆಳ್ಳಗಿನದು. ಇದು ಹದಿನಾಲ್ಕು."

ನಮ್ಮ ಲೈನಿನಲ್ಲಿ ಹದಿನಾಲ್ಕರ ದಪ್ಪ ಸೂಜಿ ಇದ್ದದ್ದು ಕೊರಳಪಟ್ಟಿ ಹೊಲಿಯುವ ಒಂದೇ ಮಷಿನ್‌ನಲ್ಲಿ. ನಾನು ಅಕ್ಕನ ಕಡೆ ತಿರುಗಲಿಲ್ಲ. ತಿರುಗುವ ಅಗತ್ಯವಿರಲಿಲ್ಲ, ಅವಳ ಉಸಿರು ನನಗೆ ಕೇಳಿಸುತ್ತಿತ್ತು.

"ಸೋಮವಾರದ್ದು," ಎಂದಳು ಅವಳು, ಯಾರ ಕಡೆಗೂ ನೋಡದೆ. "ನೆಲದ ಮೇಲೆ ಬಿದ್ದಿರುತ್ತೆ ಅಂದ್ಕೊಂಡೆ."

ನನ್ನದು ಕೊನೆಗೆ ಸಿಕ್ಕಿದ್ದು ನನ್ನ ಮಷಿನ್‌ನಲ್ಲೇ. ಮೆಕ್ಯಾನಿಕ್ ತಳದ ತಗಡು ಬಿಚ್ಚಿದಾಗ ಕೆಳದಾರದ ಬಾಬಿನ್ ಪಕ್ಕದಲ್ಲಿ, ಎಣ್ಣೆ ಮೆತ್ತಿದ ನೂಲಿನ ಕಸದೊಳಗೆ ಇತ್ತು. ಎರಡು ಗಂಟೆಗೇ ಕರೆದಿದ್ದರೆ ಐದು ನಿಮಿಷದ ಕೆಲಸ.

ಎಲ್ಲರೂ ಉಸಿರು ಬಿಟ್ಟರು. ದೂರದಿಂದ ಉಪವಾಸ ಬಿಡುವ ಹೊತ್ತಿನ, ಮಗ್ರಿಬ್‌ನ ಅಜಾನ್ ಕೇಳಿಸಿತು. ತಾತ ತನ್ನ ನೀರಿನ ಲೋಟ ನನ್ನ ಕಡೆ ಸರಿಸಿದ. ಖರ್ಜೂರ ನನ್ನ ಕೈಯಲ್ಲಿತ್ತು, ಆದರೆ ಬಾಯಿಯವರೆಗೆ ಕೈ ಏಳಲಿಲ್ಲ.

"ಇದಕ್ಕೂ ಹಿಂದೆ ಮಾಡಿದ್ದೀಯ?" ಎಂದು ಕೇಳಿದ ತಾತ. ಅಷ್ಟೇ ಕೇಳಿದ.

ಅವನಿಗೆ ಗೊತ್ತಿರಲಿಲ್ಲ. ಇಲ್ಲ ಎಂದರೆ ಇಲ್ಲ ಎಂದೇ ಬರೆದುಕೊಳ್ಳುತ್ತಿದ್ದ. ಮೇಡಂ ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದರು.

"ಎರಡು ಸಲ," ಎಂದೆ. ಡಬ್ಬಿ ತೆಗೆದು ಕೌಂಟರ್ ಮೇಲಿಟ್ಟೆ. "ಒಂದು ಹೋದ ತಿಂಗಳು. ಇನ್ನೊಂದು ಚಳಿಗಾಲ ಶುರುವಾದಾಗ."

ತಾತ ಹಾಳೆ ತಿರುಗಿಸಿ ನನ್ನ ಮಷಿನ್ ನಂಬರು ಹುಡುಕಿದ. ಹೋದ ತಿಂಗಳ ಡಬ್ಬಗಳು ಇನ್ನೂ ಗೋದಾಮಿನಲ್ಲಿವೆ ಎಂದರು ಮೇಡಂ. ಚಳಿಗಾಲದವು ಎಂದಾಗ ಇಲ್ಲ ಎಂಬಂತೆ ತಲೆಯಾಡಿಸಿದರು. ಅವು ಯಾವ ಊರಿನ ಯಾವ ತೊಟ್ಟಿಲಿಗೆ ಹೋದವೋ. ಮೇಡಂ ಫೋನ್ ಕಿವಿಗಿಟ್ಟುಕೊಂಡು, ತಗ್ಗಿದ ದನಿಯಲ್ಲಿ ಆ ತಾರೀಖನ್ನು ಯಾರಿಗೋ ಓದಿ ಹೇಳಿದರು.

ಕಾಲರ್ ಅಕ್ಕ ಬಂದು ನನ್ನ ಡಬ್ಬಿಯ ಪಕ್ಕದಲ್ಲಿ ಒಂದು ಸೋಪಿನ ತುಣುಕಿಟ್ಟಳು. ಅದರ ತುಂಬ ಮೊನೆಗಳು ಚುಚ್ಚಿಕೊಂಡಿದ್ದವು.

ಆಗ ಹಿಂದಿನಿಂದ ಒಂದು ಸ್ಟೂಲ್ ಸರಿದ ಸದ್ದಾಯಿತು, ಒಬ್ಬಳು ತನ್ನ ಕೈಚೀಲ ಹಿಡಿದು ಕೌಂಟರ್ ಕಡೆ ಬಂದಳು. ತುಸು ಹೊತ್ತಿಗೆ, ಬೇರೆ ಲೈನಿನಿಂದ ಇನ್ನೊಬ್ಬಳು. ತಾತ ಕನ್ನಡಕ ಒರೆಸಿಕೊಂಡು ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿ ಭೂತಗನ್ನಡಿ ಎತ್ತಿಕೊಂಡ.