ಕಡಲಿಗೆ ಕೂಗಿದ ದನಿ

ಹೆದರಿಸುವ ಸಿನಿಮಾ ಮಾಡಿದವರ ಕೈಗೆ ಮೈಕು ಕೊಡಬಾರದು ಎಂದು ಶರಣ್ಯಾಳಿಗೆ ಅನ್ನಿಸತೊಡಗಿತ್ತು. ಚಿತ್ರ ಓಡುತ್ತಿರುವಾಗ ನಿರ್ದೇಶಕ ಅದರ ಮೇಲೆಯೇ ಮಾತಾಡಿ ಸೇರಿಸುವ ಕಾಮೆಂಟರಿಗಳನ್ನು ಅವಳು ವಾರದಿಂದ ಕೇಳುತ್ತಿದ್ದಳು. ಒಬ್ಬ "ಈಗ ಬಾಗಿಲು ತೆರೀತದೆ ನೋಡಿ" ಎಂದು ಕಣ್ಣಿಗೆ ಕಾಣುವುದನ್ನೇ ಒದರುತ್ತಿದ್ದ. ಇನ್ನೊಬ್ಬ, ಪಿಶಾಚಿ ಬರುವ ಹೊತ್ತಿಗೆ ಸರಿಯಾಗಿ, ಸೆಟ್ಟಿನಲ್ಲಿ ಚಾ ಕೊಟ್ಟವನಿಗೆ ಥ್ಯಾಂಕ್ಸ್ ಹೇಳುತ್ತಿದ್ದ.

ಕುಂದಾಪುರದ ಸಿನಿಮಾ ಕೂಟದವರು ಭಾನುವಾರ ಒಂದು ಚಿತ್ರವನ್ನು ಕಾಮೆಂಟರಿಯೊಂದಿಗೇ ತೋರಿಸುವವರಿದ್ದರು. ಯಾವುದು ಯೋಗ್ಯವೆಂದು ಆರಿಸುವ ಕೆಲಸ ಅವಳದು. ಅವಳ ಅಳತೆ ಒಂದೇ: ಮಾತಾಡುವವನಿಗೆ ಎಲ್ಲಿ ಬಾಯಿ ಮುಚ್ಚಬೇಕೆಂದು ಗೊತ್ತೇ?

ಕೊನೆಗೆ ಉಳಿದದ್ದು ಬ್ರಹ್ಮಾವರದ ಜಿತೇಂದ್ರನ ಚಿತ್ರ. ಕಡಲಲ್ಲಿ ಸತ್ತ ಹೆಂಗಸೊಬ್ಬಳು ದಡದವರನ್ನು "ಹ್ವಾಯ್..." ಎಂದು ಕರೆಯುವ ಕಥೆ. ಆ ಕೂಗು ಬೈಂದೂರಿನ ಹುಡುಗರ ಬಾಯಲ್ಲೆಲ್ಲ ಇತ್ತು. ಶರಣ್ಯಾ ಅದನ್ನು ತನ್ನ ಫೋನಿಗೇ ಹಾಕಿಕೊಂಡಿದ್ದಳು. ಮಳೆಗಾಲದಿಂದ ಉಪ್ಪುಂದದಲ್ಲಿ ಅವಳೂ ಅಮ್ಮನೂ ಇದ್ದ ಮನೆಯಲ್ಲಿ ಯಾರು ಕರೆ ಮಾಡಿದರೂ ಅದೇ ಕೂಗು.

ಕೂಟದ ಮನೀಷ್ ಮಧ್ಯಾಹ್ನವೇ ಕರೆ ಮಾಡಿದ. "ಎಂತ ಮಾರಾಯ್ತಿ, ಕೇಂಡ್ ಮುಗೀತಾ? ಪಿಶಾಚಿ ಹಿಡ್ಕಂಡ್ ಹೋಯ್ತ್ ಅಂದ್ಕಂಡೆ!"

"ಅರ್ಧ ಆಯ್ತ್. ಇದೇ ಆತ್ತ್ ಕಾಣತ್ತ್. ಮನ್ಷ ಒಳ್ಳೆ ಮಾತಾಡ್ತ."

ನಿಜಕ್ಕೂ ಜಿತೇಂದ್ರ ಚೆನ್ನಾಗಿ ಮಾತಾಡುತ್ತಿದ್ದ. ಪರದೆಯ ಮೇಲೆ ಕಡಲು ಕಪ್ಪಾಯಿತು. ಆ ಕೂಗು ಬರುವ ಹೊತ್ತು. ಈಗ ಸುಮ್ಮನಾಗು ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಅವನು ಸುಮ್ಮನಾಗಲಿಲ್ಲ.

"ಎಲ್ಲರೂ ಕೇಳ್ತಾರೆ, ಈ ದನಿ ಯಾವ ನಟಿಯದು ಅಂತ. ನಟಿಯದಲ್ಲ! ವರ್ಷಗಳ ಹಿಂದೆ ಉಪ್ಪುಂದದ ದಡದಲ್ಲಿ ಅಲೆ ರೆಕಾರ್ಡ್ ಮಾಡ್ತಾ ಇದ್ದೆ. ಅವತ್ತೇ ಒಂದು ದೋಣಿ ಮಗುಚಿತ್ತು. ಒಬ್ಬಳು ಹೆಗಲಲ್ಲಿ ಮಗುವಿನ ಹಳದಿ ಸ್ಕೂಲ್ ಬ್ಯಾಗ್ ಹಾಕಿಕೊಂಡೇ ನೀರಿಗೆ ಇಳಿದುಬಿಟ್ಟಳು. ಗಂಡನ ಹೆಸರು ಕರೆಯೋ ಹಾಗಿಲ್ಲವಲ್ಲ, ಹ್ವಾಯ್ ಹ್ವಾಯ್ ಅಂತ ಕೂಗಿದ್ದೇ ಕೂಗಿದ್ದು. ನಾನು ಮೈಕ್ ಅತ್ತ ತಿರುಗಿಸಿದೆ. ಅಂಥದ್ದು ದುಡ್ಡು ಕೊಟ್ಟರೂ ಸಿಗುತ್ತಾ, ಹೇಳಿ?"

ಆಮೇಲೆ ಅವನು ನಕ್ಕ.

ಶರಣ್ಯಾಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಹಳದಿ ಬ್ಯಾಗು. ಎರಡನೇ ಕ್ಲಾಸಿನ ಪುಸ್ತಕಗಳು ಒಲೆಯ ಬದಿಯಲ್ಲಿ ಒಣಗಿದ ಮೇಲೂ ಹಾಳೆಗಳಲ್ಲಿ ಉಳಿದಿದ್ದ ಉಪ್ಪಿನ ಬಿಳಿ ಗೆರೆಗಳು. ಅವಳನ್ನು ಶಾಲೆಯಿಂದ ಕರೆತರಲು ಬಂದ ಅಮ್ಮ, ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಅವಳನ್ನು ಅಂಗಳದಲ್ಲೇ ಬಿಟ್ಟು ಓಡಿದ್ದು. ಆ ದೋಣಿಯಲ್ಲಿದ್ದ ಅಪ್ಪಯ್ಯ ಮರಳಲಿಲ್ಲ.

ದನಿ ಗುರುತು ಸಿಗುವುದಾದರೂ ಹೇಗೆ? ಆ ದಿನದ ಮೇಲೆ ಅಮ್ಮ ರತ್ನ ಗಟ್ಟಿಯಾಗಿ ಕೂಗಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಮಾರ್ಕೆಟ್ಟಿನಲ್ಲೂ ಗಿರಾಕಿಯನ್ನು ಕೂಗಿ ಕರೆಯದೆ ಮೀನು ಮಾರುವ ಹೆಂಗಸು ಅವಳು.

ಲ್ಯಾಪ್‌ಟಾಪ್ ಮುಚ್ಚಿ ಹಿತ್ತಿಲಿಗೆ ಹೋದಳು. ರತ್ನ ಬಂಗುಡೆ ಹೆಚ್ಚುತ್ತ ಕೂತಿದ್ದಳು. ಅಷ್ಟರಲ್ಲಿ ಶರಣ್ಯಾಳ ಕೈಯಲ್ಲಿದ್ದ ಫೋನು ಕೂಗಿತು.

"ಹ್ವಾಯ್..."

ಶರಣ್ಯಾ ಗಾಬರಿಯಿಂದ ಅದನ್ನು ಅದುಮಿದಳು.

"ಎಂತಕೆ ನಿಲ್ಸಿದ್ದ್, ಮಗಾ?" ಎಂದಳು ರತ್ನ.

"ಅಮ್ಮಾ, ಇದ್ ಯಾರ್ ಸ್ವರ ಅಂದೇಳಿ ನಿಂಗೆ..."

"ನಂದೇ ಅಲ್ದಾ." ರತ್ನ ಮೀನಿನಿಂದ ಕಣ್ಣೆತ್ತಲಿಲ್ಲ. "ಮೊದ್ಲ್ ದಿನ ಕೇಂಡಾಗ ಕೈಕಾಲ್ ತಣ್ಣಗಾಯ್ತ್. ಆಮೇಲ್ ಯೋಚ್ನಿ ಮಾಡ್ದೆ. ಅಪ್ಪಯ್ಯನ್ ನೆನ್ಪಿಗೆ ಅಂದೇಳಿ ನೀನ್ ಎಲ್ಲಿಂದ್ಲೋ ಹುಡ್ಕಿ ತಂದ್ ಇಟ್ಕಂಡಿದ್ದಿ. ನಿನ್ ಹತ್ರ ಕೇಂಬುಕೆ ನಂಗೇ ನಾಚ್ಕಿ ಆಯ್ತ್."

ಅಲ್ಲ ಎನ್ನಲು ಶರಣ್ಯಾ ಬಾಯಿ ತೆರೆದಳು.

"ಹೌದಮ್ಮ," ಎಂದಳು.

ಫೋನು ಮತ್ತೆ ಕೂಗಿತು. ಈ ಸಲ ಅವಳು ಮುಟ್ಟಲಿಲ್ಲ. ಅದು ತಾನಾಗಿ ನಿಲ್ಲುವವರೆಗೂ ರತ್ನ ಕತ್ತಿಯ ಮೇಲೆ ಕೈ ಆಡಿಸದೆ ಕೇಳಿದಳು. ಆಮೇಲೆ ಬಾವಿಕಟ್ಟೆಗೆ ಎದ್ದುಹೋದಳು.

ಶರಣ್ಯಾ ಮನೀಷ್‌ಗೆ ಕರೆ ಮಾಡಿದಳು. "ಜಿತೇಂದ್ರಂದ್ ಹಾಕುಕಿಲ್ಲ. ಅವ್ನ್ ಹತ್ರ ನಾನೇ ಮಾತಾಡ್ತೆ."

"ಎಂತ ಆಯ್ತೇ ನಿಂಗೆ? ಆ ಕೂಗ್ ಕೇಂಬುಕೇ ಜನ ಬಪ್ಪುದ್!"

"ಗೊತ್ತಿತ್," ಎಂದಳು ಶರಣ್ಯಾ. "ಅದ್ಕೇ ಬ್ಯಾಡ."