ಗೆಳತಿ ಹೊಗಳಿದ ಉಪವಾಸ

ಯಂತ್ರಕ್ಕೆ ಧರ್ಮ ಕಲಿಸಲು ಹೋದ ಶಾಣ್ಯಾರು ನಾವೇ, ನಾನು ಮತ್ತು ನಿಶಾಂತ. ರಬಕವಿಯ ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು, ಕಾಲೇಜು ಹುಡುಗ ಹುಡುಗಿಯರು ಮನಸ್ಸಿನ ಸಂಕಟ ಹೇಳಿಕೊಳ್ಳಲೆಂದು 'ಗೆಳತಿ' ಎಂಬ ಆ್ಯಪ್ ಮಾಡಿದ್ದೆವು. ಅವರು ಬರೆದದ್ದಕ್ಕೆ ಕೃತಕ ಬುದ್ಧಿಮತ್ತೆ ನಮ್ಮ ಕಡೆಯ ಮಾತಿನಲ್ಲೇ ಉತ್ತರ ಕೊಡುತ್ತಿತ್ತು. ಬಣ್ಣ, ಚಿತ್ರ ನನ್ನವು. ಮಾತು ಕಲಿಸುವುದು ನಿಶಾಂತನ ಕೆಲಸ.

ಭಾದ್ರಪದದಲ್ಲಿ ಜೈನರ ಹತ್ತು ದಿನದ ದಶಲಕ್ಷಣ ಪರ್ವ ಬಂತು. ತೇರದಾಳದ ಜೈನ ಹುಡುಗಿಯರು ಉಪವಾಸ ಹಿಡಿದರು. "ಇವತ್ತ ಏನೂ ತಿಂದಿಲ್ಲ" ಎಂದು ಬರೆದವರಿಗೆಲ್ಲ ಗೆಳತಿ ಗಾಬರಿಯಾಗಿ ಡಾಕ್ಟರರ ನಂಬರು ಕೊಟ್ಟಿತು. ಹಿರಿಯರು ಸುಮ್ಮನಿರುತ್ತಾರೆಯೇ? ಬಸದಿಯ ಪಾರಿಸಪ್ಪನವರು ಮೆಟ್ಟಿಲು ಹತ್ತಿ ಬಂದೇಬಿಟ್ಟರು.

"ಏನ್ ತಮ್ಮಾ, ವ್ರತಾ ಹಿಡದ್ರ ದವಾಖಾನಿಗೆ ಹೋಗಬೇಕೇನ? ನೀನೂ ಜೈನರ ಮನ್ಯಾಗ ಹುಟ್ಟಿದಾಂವ ಹೌದಲ್ಲೋ?"

ನಿಶಾಂತನ ಮುಖ ಸಣ್ಣದಾಯಿತು. ಅಂದೇ ಕೂತು ಗೆಳತಿಗೆ ಕಲಿಸಿದ: ಉಪವಾಸ ಅಂದರೆ ಹೆದರಬೇಡ, ಹೊಗಳು. ಹೊಗಳಿಕೆಯ ಜೊತೆ ತೋರಿಸಲು ನಾನು ಚೆಂದದ ಒಂದು ಕಮಲ ಬರೆದುಕೊಟ್ಟೆ. ಹಿರಿಯರು ಮೆಚ್ಚಿದರು. ನಾವೂ ಉಬ್ಬಿದೆವು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ತೇರದಾಳದ ನಿಶಾಂತನ ಮನೆಗೆ ಊಟಕ್ಕೆ ಹೋಗಿದ್ದೆ. ಅವನ ಅಣ್ಣನ ಮಗಳು ಸಿದ್ಧಿ, ಪಿಯುಸಿ ಓದುವವಳು, ನಮಗೆ ಬಡಿಸಿದಳು. ತಾನು ಕೂಡಲಿಲ್ಲ. ಅವಳ ಬಳೆಗಳು ಮೊಣಕೈತನಕ ಜಾರುತ್ತಿದ್ದವು.

"ಪರ್ವ ಮುಗದ ಮ್ಯಾಲೂ ವ್ರತಾ ಬಿಟ್ಟಿಲ್ಲ ನೋಡವಾ ಮಾನಸಿ," ಎಂದರು ಅವಳ ತಾಯಿ, ಹೆಮ್ಮೆಯಿಂದ. "ಬರೇ ಹಾಲು ಹಣ್ಣಿನ ಮ್ಯಾಲ ಅದಾಳ. ಭಾಳ ಗಟ್ಟಿ ಹುಡುಗಿ."

ಸಿದ್ಧಿ ಮೊಬೈಲ್ ಮುಂದೆ ಹಿಡಿದಳು. "ಕಾಕಾ, ನಿಮ್ಮ ಗೆಳತಿನೂ ಶಾಭಾಷ್ ಅಂದಾಳ ನೋಡ್ರಿ."

ಪರದೆಯ ತುಂಬ ನನ್ನ ಕಮಲಗಳು. ನಡುನಡುವೆ ಅವಳ ಮಾತು: ಉಪವಾಸ ಅದೀನಿ, ನಿದ್ದಿ ಬರವಲ್ದು. ಉಪವಾಸ ಅದೀನಿ, ಕನ್ನಡಿ ನೋಡಾಕ ಮನಸ್ಸಿಲ್ಲ. ಪ್ರತಿ ಸಲವೂ ಕಮಲ! ಉಪವಾಸ ಎಂಬ ಮಾತು ಕಂಡೊಡನೆ ಅದು ಹೊಗಳಿ ಮುಗಿಸುತ್ತಿತ್ತು. ಮುಂದಿನದನ್ನು ಕೇಳಲು ನಾವು ಕಲಿಸಿರಲೇ ಇಲ್ಲ. ನನಗೆ ಖರೆ ಹೆದರಿಕೆಯಾಯಿತು.

ನಿಶಾಂತ ತಾಟು ಸರಿಸಿದ.

"ಪಾರಣಿ ಯಾವತ್ತ, ಸಿದ್ಧಿ?"

ಉಪವಾಸ ಹಿಡಿದವರಿಗೆ ಅದನ್ನು ಬಿಡುವ ದಿನವೂ ಗೊತ್ತಿರುತ್ತದೆ. ಅಂದು ಮನೆಯವರೆಲ್ಲ ಕೂಡಿ ಗುಟುಕು ಹಾಲೋ ನೀರೋ ಕುಡಿಸಿ ಪಾರಣೆ ಮಾಡಿಸುತ್ತಾರೆ. ಪಾರಣೆಯಿಲ್ಲದ ವ್ರತವೆಂದರೆ ಮುಪ್ಪಿನವರು ಸಾಯುವತನಕ ಹಿಡಿಯುವ ಸಲ್ಲೇಖನ, ಅದನ್ನು ಹುಡುಗಿಯರು ಹಿಡಿಯುವುದಿಲ್ಲ.

ಸಿದ್ಧಿ ತಾಯಿಯ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು.

"ಇಲ್ಲ ಕಾಕಾ."

"ಇಲ್ಲ ಅಂದ್ರ?"

"ಇದು ವ್ರತಾನ ಅಲ್ರಿ. ಊಟಾ ಅಂದ್ರ ಅಂಜಿಕಿ ಬರತೈತಿ. ಯಾರರ ಬೈತೀರಿ ಅಂತ ತಿಳದಿದ್ನಿ. ಎಲ್ಲಾರೂ ಹೊಗಳಿದ್ರಿ."

"ಅಯ್ಯ ನನ್ನವ್ವಾ!" ಎಂದು ತಾಯಿ ಅವಳ ಕೈ ಹಿಡಿದು ಕೂತುಬಿಟ್ಟರು. ನಿಶಾಂತ ಎಂಜಲು ಕೈಯಲ್ಲೇ ಜಮಖಂಡಿಯ ಡಾಕ್ಟರಿಗೆ ಫೋನ್ ಹಚ್ಚಿದ. ಎಂದಿನಿಂದ ಹೀಗೆ ಎಂದು ಅವರು ಕೇಳಿದರು. ಕಾಕಾನಿಗೆ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ. ಸಿದ್ಧಿ ಫೋನ್ ಇಸಿದುಕೊಂಡು ತಾನೇ ಹೇಳತೊಡಗಿದಳು.